ತಲುಪುವ ತನಕ ಗುಡಿಸದ ಮನೆ

ಲೇಡೀಸ್ ಹಾಸ್ಟೆಲ್, ಮೈಸೂರು
ಭಾನುವಾರ, 4 ಮಾರ್ಚ್ 2007

ಪ್ರೀತಿಯ ಅಮ್ಮನಿಗೆ,

ನಿನ್ನ ಮಗಳು ಪ್ರತಿಮಾಳ ನಮಸ್ಕಾರ. ಇಷ್ಟು ದೂರಕ್ಕೆ ನಾನು ನಮಸ್ಕಾರ ಕಳಿಸುತ್ತಿರುವುದು ಇದೇ ಮೊದಲು, ದಾರಿಯಲ್ಲಿ ಎಲ್ಲೂ ಕಳೆದುಹೋಗದೆ ನಿನ್ನ ಕೈ ಸೇರಲಿ. ಪೋಸ್ಟಾಫೀಸಿನಲ್ಲಿ ನಿನ್ನ ಅಡ್ರೆಸ್ ತೋರಿಸಿ ಎಷ್ಟು ದಿನ ಆಗುತ್ತೆ ಸಾರ್ ಅಂತ ಕೇಳಿದೆ. ಕೌಂಟರಿನವರು ಕನ್ನಡಕ ಮೇಲೆತ್ತಿ ನನ್ನನ್ನೇ ನೋಡಿ, 'ಬ್ರೆಜಿಲ್ಲಾ? ಹಾಕಿ ನೋಡಮ್ಮ' ಅಂದರು. ಹಾಕಿ ನೋಡುತ್ತಿದ್ದೇನೆ.

ತಡವಾಯಿತು, ಕೋಪ ಮಾಡಿಕೊಳ್ಳಬೇಡ. ಎರಡು ಸಲ ಬರೆದು ಹರಿದು ಹಾಕಿದೆ. ಸೆಕೆಂಡ್ ಸೆಮ್ ಶುರುವಾಗಿದೆ. ಡ್ರಾಯಿಂಗ್ ಕ್ಲಾಸಿನಲ್ಲಿ ನನ್ನ ಗೆರೆಗಳು ಇನ್ನೂ ನಡುಗುತ್ತವೆ. ಮೇಡಂ ಇಂಗ್ಲಿಷಿನಲ್ಲಿ ಏನಾದರೂ ಕೇಳಿದರೆ ಉತ್ತರ ಮೊದಲು ಕನ್ನಡದಲ್ಲಿ ಬರುತ್ತದೆ, ಅದನ್ನು ಬದಲಾಯಿಸುವಷ್ಟರಲ್ಲಿ ಮೇಡಂ ಪಕ್ಕದವಳ ಹತ್ತಿರ ಹೋಗಿರುತ್ತಾರೆ. ರೂಮ್‌ಮೇಟ್ ಸಿರಿ, 'ಯಾಕೆ ಯಾವಾಗಲೂ ಇಷ್ಟು ಟೆನ್ಷನ್ ಮಾಡ್ಕೋತೀಯಾ?' ಅನ್ನುತ್ತಾಳೆ. ನನಗೆ ಟೆನ್ಷನ್ ಇಲ್ಲದಿದ್ದರೆ ಏನೋ ಮರೆತಿದ್ದೇನೆ ಅನ್ನಿಸುತ್ತೆ ಅಂತ ಅವಳಿಗೆ ಹೇಗೆ ಹೇಳಲಿ?

ಈಗ ವಿಷಯಕ್ಕೆ ಬರುತ್ತೇನೆ. ಮೊನ್ನೆ ಫೋನಿನಲ್ಲಿ ನೀನು ಮೊದಲು ಕೇಳಿದ್ದು ಹುಳದ ಸಮಾಚಾರ. ನಾನು 'ಚೆನ್ನಾಗವೆ' ಅಂದೆ, ಅಷ್ಟಕ್ಕೇ ಲೈನ್ ಕಟ್ಟಾಯಿತು. ಆ ಒಂದು 'ಚೆನ್ನಾಗವೆ'ಯ ಹಿಂದೆ ಎರಡು ದಿನದ ಕಥೆ ಇದೆ. ನೀನು ಆಕಾಶದಲ್ಲಿದ್ದಾಗ ನಮ್ಮ ಮನೆಯಲ್ಲಿ ಏನಾಯಿತು ಅಂತ ನಿನಗೆ ಯಾರೂ ಹೇಳಿಲ್ಲ. ಚಿಕ್ಕಪ್ಪ ಹೇಳುವುದಿಲ್ಲ, ಅಜ್ಜಿಗೆ ಅದು ಹೇಳುವಂಥ ವಿಷಯವೇ ಅಲ್ಲ. ಅದಕ್ಕೇ ಕೂತು ಬರೆಯುತ್ತಿದ್ದೇನೆ. ನಿನಗೆ ಗೊತ್ತಿರುವುದನ್ನೂ ಕೆಲವು ಕಡೆ ಮತ್ತೆ ಬರೆದರೆ ಬೈಯಬೇಡ, ಹಾಗೆ ಬರೆದರೇನೇ ನನಗೆ ಸರಿಯಾಗಿ ಕಾಣಿಸುವುದು.

ನಾನು ಸೆಮ್ ರಜಕ್ಕೆ ಬಂದಿದ್ದ ಆ ಮಂಗಳವಾರ ಸಂಜೆ ರೇಷ್ಮೆ ಸಂಘದ ಜೀಪಿನಲ್ಲಿ ನೀನು, ಜೈನಬ್ ಆಂಟಿ ಕೂತಿರಿ. ಹೋದ ವರ್ಷ ಅಲ್ಲಿಯ ಇಬ್ಬರು ಹೆಂಗಸರು ನಮ್ಮ ಬೈರಾಪಟ್ಟಣಕ್ಕೆ ಬಂದು ಹುಳ ಸಾಕುವುದನ್ನು ನೋಡಿಕೊಂಡು ಹೋದರಲ್ಲ, ಅದಕ್ಕೆ ಬದಲಾಗಿ ಈಗ ಇಲ್ಲಿಂದ ಹುಳ ಮೇಯಿಸುವವಳೊಬ್ಬಳು, ನೂಲು ಬಿಚ್ಚುವವಳೊಬ್ಬಳು. ರಾಮನಗರದ ಜೈನಬ್ ಆಂಟಿ ಹೊಸ ಬುರ್ಖಾ ಹಾಕಿಕೊಂಡು, 'ಪ್ರತಿಮಾ, ನಿಮ್ಮಮ್ಮನ್ನ ಕಿಟಕಿ ಹತ್ರ ಕೂರಿಸ್ತೀನಿ, ನಂಗೆ ಕೆಳಗೆ ನೋಡಿದ್ರೆ ತಲೆ ಸುತ್ತುತ್ತೆ' ಅಂದರು. ಜೀಪು ಕೆರೆ ಏರಿಯ ತಿರುವಿನಲ್ಲಿ ಮರೆಯಾಯಿತು. ಧೂಳು ಇನ್ನೂ ಕೂತಿರಲಿಲ್ಲ, ಅಜ್ಜಿ ಒಳಗೆ ಹೋಗಿ ಎರಡೂ ಪೊರಕೆ ತೆಗೆದು ಅಟ್ಟದ ಮೇಲಿಟ್ಟರು.

'ನನ್ ಸೊಸೆ ಆ ಊರು ಮುಟ್ಟೋಗಂಟ ಈ ಮನೆ ಕಸ ಹೊಸ್ಲು ದಾಟ್ಕೂಡ್ದು' ಅಂದರು.

ಇದು ಹೊಸದೇನಲ್ಲ. ಯಾರಾದರೂ ಕನಕಪುರಕ್ಕೆ ಹೊರಟರೆ ಅಜ್ಜಿ ಬಸ್ಸು ಅಲ್ಲಿಗೆ ಹೋಗಿ ಸೇರುವಷ್ಟು ಹೊತ್ತು ಕಾದು ಆಮೇಲೆ ಪೊರಕೆ ಹಿಡಿಯುತ್ತಾರೆ. ಬೆಂಗಳೂರಾದರೆ ಊಟದ ಹೊತ್ತಿನವರೆಗೆ. ಹೋದವರು ತಲುಪುವ ಮುಂಚೆ ಗುಡಿಸಿದರೆ ಅವರನ್ನೇ ಗುಡಿಸಿ ಆಚೆ ಹಾಕಿದ ಹಾಗೆ, ಮತ್ತೆ ಅವರು ಈ ಹೊಸಿಲು ತುಳಿಯುವುದಿಲ್ಲ ಅಂತ ಅವರ ಲೆಕ್ಕ. ಆದರೆ ಈ ಪದ್ಧತಿ ಮಾಡಿದವರು ಬಸ್ಸನ್ನು, ಎತ್ತಿನ ಗಾಡಿಯನ್ನು ನೋಡಿ ಮಾಡಿದ್ದು ಅಮ್ಮ, ವಿಮಾನ ನೋಡಿ ಅಲ್ಲ. ಅದೂ ಅಲ್ಲದೆ ಆವತ್ತೇ ಬೆಳಿಗ್ಗೆ ನಡುಮನೆಯಲ್ಲಿ ನೂರು ಮೊಟ್ಟೆಯ ಹುಳ, ಅಂದರೆ ನೂರು ಚಿಟ್ಟೆ ಇಟ್ಟ ನಲವತ್ತು ಸಾವಿರ ಹುಳ, ಪೊರೆ ಬಿಟ್ಟು ನಾಲ್ಕನೇ ಜ್ವರದಿಂದ ಎದ್ದಿತ್ತು. ಜ್ವರ ಎದ್ದ ಹುಳದ ಹಸಿವು ನಿನಗೆ ಗೊತ್ತು. ಸೊಪ್ಪು ಹಾಕಿದರೆ ಮಳೆ ಬಂದ ಹಾಗೆ ಸದ್ದು. ತಿಂದಷ್ಟೂ ಹಿಕ್ಕೆ. ದಿನಾ ತಟ್ಟೆ ಕಸ ತೆಗೆದು ಆಚೆ ಹಾಕದಿದ್ದರೆ ಅಡಿಯಲ್ಲಿ ಬಿಸಿಯಾಗಿ, ಹಬೆಯಾಡಿ, ಹುಳಕ್ಕೆ ಸಪ್ಪೆರೋಗ.

ಚಿಕ್ಕಪ್ಪ ಬಿಡದಿಯ ಫ್ಯಾಕ್ಟರಿಯಿಂದ ಶಿಫ್ಟ್ ಮುಗಿಸಿ ಬಂದವರು ಬೂಟು ಬಿಚ್ಚುವ ಮುಂಚೆಯೇ ಜಗಳ ಶುರುವಾಯಿತು. ಚಿಕ್ಕಮ್ಮ ಬಾಣಂತನಕ್ಕೆ ಮಾಗಡಿಗೆ ಹೋಗಿದ್ದರಿಂದ ಮನೆಯಲ್ಲಿ ನಾವು ಮೂರೇ ಜನ.

'ಅಲ್ಲ ಕಣವ್ವ, ಹಿಕ್ಕೆ ಎಂಗೆ ಕಸ ಆಯ್ತದೆ? ಗೊಬ್ಬರ ಅದು.'

'ತಿಪ್ಪೆಗೆ ಬಿದ್ಮೇಲೆ ಗೊಬ್ಬರ ಕಣೋ ಬಾಲರಾಜು. ಮನೆಯೊಳ್ಗೆ ಇರೋಗಂಟ ಕಸವೇಯ.'

'ಹಂಗಾದ್ರೆ ಒಳ್ಗೇ ಮಡೀಕೊ. ಶಿವರಾತ್ರಿ ಬತ್ತೈತೆ, ಅದ್ಕೇ ಬಿಲ್ಪತ್ರೆ ಏರ್ಸು!'

ಅಜ್ಜಿ ನಗಲಿಲ್ಲ. ನನ್ನ ಕಡೆ ತಿರುಗಿದರು. 'ಓದೋ ಮಗ ಇವ್ಳೊಬ್ಳು ಅವ್ಳಲ್ಲ. ಲೆಕ್ಕ ಹಾಕ್ಲಿ. ಅವ್ರವ್ವ ತಲುಪುದ್ಲು ಅಂತ ಪ್ರತಿಮಾ ಯಾವ ಗಳ್ಗೇಲಿ ಹೇಳ್ತಾಳೋ ಆ ಗಳ್ಗೇಲಿ ಪೊರಕೆ ಇಳುಸ್ತೀನಿ. ಅಲ್ಲೀಗಂಟ ಇಲ್ಲ.'

ಹುಳದ ಪ್ರಾಣ ನನ್ನ ಬಾಯಿಗೆ ಬಂತು ಅಮ್ಮ.

ಆ ಬ್ರೆಜಿಲ್ಲಿನ ಹೆಂಗಸರು ಬಿಟ್ಟುಹೋದ ಗಾಳಿ ತುಂಬುವ ಭೂಗೋಳ ಪೆಟ್ಟಿಗೆಯ ತಳದಲ್ಲಿತ್ತು. ತೆಗೆದು ಊದಿದೆ. ಅದಕ್ಕೊಂದು ಸಣ್ಣ ತೂತಿದೆ ಅಂತ ಕಾಣುತ್ತೆ. ಊದಿದಷ್ಟೂ ನಿನ್ನ ದಾರಿ ಉದ್ದವಾಗುತ್ತಿತ್ತು, ಒಂದು ನಿಮಿಷ ಬಿಟ್ಟರೆ ಬ್ರೆಜಿಲ್ಲು ನಮ್ಮ ಹತ್ತಿರಕ್ಕೆ ಬರುತ್ತಿತ್ತು. ಜೈನಬ್ ಆಂಟಿ ಕೊಟ್ಟಿದ್ದ ಕಚ್ಚಾ ರೇಷ್ಮೆ ನೂಲಿನ ಒಂದು ಎಳೆ ತಗೊಂಡು ಬೆಂಗಳೂರಿನ ಮೇಲೆ ಹೆಬ್ಬೆರಳಿಂದ ಒತ್ತಿ, ಇನ್ನೊಂದು ತುದಿಯನ್ನು ನೀನು ಬ್ರೆಜಿಲ್ಲಿನಲ್ಲಿ ಇಳಿಯುವ ಸಾವೊ ಪೌಲೊ ಮೇಲೆ ಎಳೆದು ಹಿಡಿದೆ. ದಾರ ಅರಬ್ಬೀ ಸಮುದ್ರ ದಾಟಿತು, ಆಫ್ರಿಕಾದ ಹೊಟ್ಟೆಯ ಮೇಲೆ ಓರೆಯಾಗಿ ಹಾದು ಆಚೆಯ ದೊಡ್ಡ ನೀಲಿಯೊಳಗೆ ಇಳಿಯಿತು. ಆ ದಾರವನ್ನು ಭೂಮಿಯ ನಡುವಿನ ಗೆರೆಯ ಸುತ್ತಳತೆಗೆ ಹಿಡಿದು ನೋಡಿದರೆ ಮೂರರಲ್ಲೊಂದು ಪಾಲಿಗಿಂತ ಒಂದಿಷ್ಟು ಜಾಸ್ತಿ. ಹದಿನಾಲ್ಕು ಸಾವಿರ ಕಿಲೋಮೀಟರ್!

ನಾನು ನೆಲದ ಮೇಲೆ ಹಾಗೇ ಕೂತುಬಿಟ್ಟೆ. ಚನ್ನಪಟ್ಟಣದಿಂದ ಬೆಂಗಳೂರಿಗೆ ಬಸ್ಸಿನಲ್ಲಿ ಹೋಗಿ ಬರುವಷ್ಟರಲ್ಲಿ ನಿನಗೆ ಸೊಂಟ ಹಿಡಿಯುತ್ತಿತ್ತು. ಅಂಥ ನೀನು ಭೂಮಿಯ ಮೂರನೇ ಒಂದು ಭಾಗವನ್ನು ಕೂತಲ್ಲೇ ಕೂತು ದಾಟಿಬಿಡುತ್ತೀಯ. ಆಗ ಇನ್ನೊಂದು ಹೊಳೆಯಿತು. ಒಂದು ಗೂಡಿನ ನೂಲು ಬಿಚ್ಚಿದರೆ ಹೆಚ್ಚುಕಡಿಮೆ ಒಂದು ಕಿಲೋಮೀಟರ್ ಬರುತ್ತೆ ಅಂತ ಜೈನಬ್ ಆಂಟಿ ಹೇಳುತ್ತಿದ್ದರಲ್ಲ? ನಡುಮನೆಯ ತಟ್ಟೆಗಳನ್ನು ನೋಡಿದೆ. ಅಲ್ಲಿ ಸೊಪ್ಪು ತಿನ್ನುತ್ತಿದ್ದ ಹುಳವೆಲ್ಲ ಗೂಡು ಕಟ್ಟಿ, ಆ ನೂಲನ್ನೆಲ್ಲ ಒಂದಕ್ಕೊಂದು ಗಂಟು ಹಾಕಿದರೆ ನಿನ್ನ ತನಕ ಹೋಗಿ, ನಿನ್ನನ್ನು ಒಂದು ಸುತ್ತು ಸುತ್ತಿ, ವಾಪಸು ನಮ್ಮ ಬಾಗಿಲಿಗೆ ಬರುತ್ತದೆ. ಅಷ್ಟು ದೊಡ್ಡ ದೂರ ನಮ್ಮ ನಡುಮನೆಯಲ್ಲಿ ಬಿದಿರು ತಟ್ಟೆಯ ಮೇಲೆ ಸೊಪ್ಪು ಮೇಯುತ್ತಿತ್ತು ಅಮ್ಮ! ಅಜ್ಜಿಗೆ ಹೇಳಿದೆ. ಅವರು ಒಂದು ಹುಳವನ್ನು ಅಂಗೈ ಮೇಲಿಟ್ಟುಕೊಂಡು ತುಂಬ ಹೊತ್ತು ನೋಡಿದರು. 'ಏನ್ ತುಂಬ್ಕೊಂಡವ್ನೆ ನೋಡು ಹೊಟ್ಟೇಲಿ' ಅಂದು ಮೆಲ್ಲಗೆ ಸೊಪ್ಪಿನ ಮೇಲೆ ಬಿಟ್ಟರು.

ವಿಮಾನ ಗಂಟೆಗೆ ಒಂಬೈನೂರು ಕಿಲೋಮೀಟರ್ ಹೋಗುತ್ತೆ ಅಂತ ಭಾಗಿಸಿದೆ. ಫ್ರಾಂಕ್‌ಫರ್ಟ್ ಅನ್ನುವ ಊರಲ್ಲಿ ಇಳಿದು ಬೇರೆ ವಿಮಾನ ಹತ್ತಬೇಕು ಅಂತ ಸಂಘದ ಮೇಡಂ ಹೇಳಿದ್ದು ನೆನಪಿತ್ತು, ಅದಕ್ಕೊಂದು ಅರ್ಧ ಗಂಟೆ ಸೇರಿಸಿದೆ. 'ವಿಮಾನ ಹೊರಡೋದು ಬೆಳಗಿನ ಜಾವ. ನಾಳೆ ದೀಪ ಹಚ್ಚೋ ಹೊತ್ತಿಗೆ ಅಮ್ಮ ತಲುಪ್ತಾಳೆ' ಅಂತ ಜಡ್ಜ್ ಥರ ಹೇಳಿದೆ.

'ಒಂದ್ ದಿನ ತಾನೆ, ತಡೀತವೆ ಬುಡು' ಅಂದರು ಚಿಕ್ಕಪ್ಪ.

ಬುಧವಾರ ಪೂರ್ತಿ ನಾನು ಮನೆಯಲ್ಲಿದ್ದೆ ಅನ್ನುವುದು ಸುಳ್ಳು. ಸೊಪ್ಪು ಹಾಕುವಾಗ, ಈಗ ಸಮುದ್ರದ ಮೇಲೆ. ಮಧ್ಯಾಹ್ನ ಮುದ್ದೆ ನುಂಗುವಾಗ, ಈಗ ಕಾಡಿನ ಮೇಲೆ, ಕೆಳಗೆ ಆನೆಗಳು. ನೀನು ಸೂರ್ಯನ ಹಿಂದೆಯೇ ಹೋಗುತ್ತಿದ್ದೀಯ, ಅದಕ್ಕೇ ನಿನಗೆ ಬೇಗ ಕತ್ತಲಾಗುವುದಿಲ್ಲ ಅಂತ ಅಜ್ಜಿಗೆ ವಿವರಿಸಿದೆ. 'ಹಂಗಾರೆ ಒಂದೇ ದಿನಾನ ಜಗ್ಗಿ ಜಗ್ಗಿ ಉದ್ದ ಮಾಡ್ಕಂಡು ಓಯ್ತಾವ್ಳೆ ಅನ್ನು' ಅಂದರು. ನನ್ನ ಫಿಸಿಕ್ಸ್ ಪುಸ್ತಕದಲ್ಲಿ ಇದು ಇಷ್ಟು ಚೆನ್ನಾಗಿ ಇಲ್ಲ.

ತಟ್ಟೆಯ ಕಸವನ್ನು ನಾನೂ ಅಜ್ಜಿಯೂ ಕೈಯಲ್ಲೇ ಬಾಚಿ ಮಂಕರಿಗೆ ತುಂಬಿ ಬಚ್ಚಲ ಪಕ್ಕದಲ್ಲಿಟ್ಟೆವು. ಮಂಕರಿ ಮುಗಿದ ಮೇಲೆ ಗೋಣಿಚೀಲ, ಗೋಣಿಚೀಲ ಮುಗಿದ ಮೇಲೆ ನೀರೊಲೆಯ ಹಿಂದೆ ರಾಶಿ. ಪಕ್ಕದ ಮನೆ ಮಾರಮ್ಮ ಬಾಗಿಲಲ್ಲಿ ಇಣುಕಿ ಮೂಗು ಮುಚ್ಚಿಕೊಂಡರು. 'ಏನ್ ಕೆಂಚಮ್ಮಕ್ಕ, ನಾಡಿದ್ದು ಶಿವರಾತ್ರಿ, ಮನೆ ಹಿಂಗ್ ಮಡಗಿದ್ದೀರಿ? ಸೊಸೆ ಪೊರ್ಕೇನೂ ಫಾರಿನ್ಗೆ ತಗಂಡೋದ್ಲಾ?'

'ಊಂ ಕಣವ್ವ. ಅಲ್ಲಿ ಗುಡ್ಸೋರಿಲ್ವಂತೆ, ನಿನ್ನೂ ಕಳುಸ್ಲಾ?' ಅಂದರು ಅಜ್ಜಿ.

ದೀಪ ಹಚ್ಚಿದೆವು. ಅಜ್ಜಿ ಅಟ್ಟದ ಕೆಳಗೆ ನಿಂತರು. ನಮ್ಮ ಮನೆಯೊಳಗೆ ಚಿಕ್ಕಪ್ಪನ ಮೊಬೈಲಿಗೆ ಟವರ್ ಸಿಗುವುದಿಲ್ಲ ಅಂತ ನೀವಿಬ್ಬರೂ ರಾಮನಗರದಲ್ಲಿ ಜೈನಬ್ ಆಂಟಿಯ ತಮ್ಮ ಶುಕೂರ್ ಮಾಮನ ಅಂಗಡಿಗೇ ಫೋನ್ ಮಾಡುವುದು ಅಂತ ಮಾತಾಗಿತ್ತಲ್ಲ, ನಾನು ಎಸ್‌ಟಿಡಿ ಬೂತಿಗೆ ಓಡಿದೆ.

'ಈಗೆಲ್ಲಿ ಬೇಟಾ ಫೋನು?' ಅಂದರು ಮಾಮ. 'ಅವರು ಜರ್ಮನಿಯಲ್ಲಿ ಕೂತಿರ್ತಾರೆ. ಅಲ್ಲಿಂದ ಎರಡನೇ ವಿಮಾನ ಹೊರಡೋದೇ ನಮಗೆ ಮಧ್ಯರಾತ್ರಿ ಕಳೆದ ಮೇಲೆ. ತಲುಪೋದು ನಾಳೆ ಮಧ್ಯಾಹ್ನ. ಅಲ್ಲ, ನಿಮ್ಮ ಮನೇಲಿ ಯಾಕೆ ಅಷ್ಟು ಗಾಬರಿ?' ಪೊರಕೆಯ ವಿಷಯ ಹೇಳಿದೆ. 'ನಮ್ಮಮ್ಮನೂ ಹಿಂಗೇ ಬೇಟಾ, ತಲುಪಿದ್ರು ಅನ್ನೋವರೆಗೂ ನಮಾಜಿನ ಚಾಪೆ ಬಿಟ್ಟು ಏಳಲ್ಲ' ಅಂದರು.

ಮನೆಗೆ ಬಂದು ಭೂಗೋಳ ತಿರುಗಿಸಿ ನೋಡಿದೆ. ಫ್ರಾಂಕ್‌ಫರ್ಟ್ ನನ್ನ ದಾರದ ಹತ್ತಿರ ಎಲ್ಲೂ ಇಲ್ಲ! ಎಲ್ಲೋ ಮೇಲೆ, ಹಿಮದ ದೇಶದಲ್ಲಿದೆ. ನೀನು ಬಡಗಣಕ್ಕೆ ಹತ್ತಿ, ಅಲ್ಲಿ ಇಳಿದು, ಮತ್ತೆ ತೆಂಕಣಕ್ಕೆ ಸಮುದ್ರದ ಉದ್ದಕ್ಕೂ ಇಳಿಯಬೇಕು. ದಾರ ಎರಡು ಸಲ ಎಳೆದೆ. ಹದಿನೇಳು ಸಾವಿರ ದಾಟಿತು. ಅದರ ಮೇಲೆ ನಡುವಿನ ಕಾಯುವಿಕೆ ಬೇರೆ. ನಮ್ಮ ಬಸ್ಸು ನಿಲ್ಲುವ ಊರು ಯಾವಾಗಲೂ ದಾರಿಯಲ್ಲೇ ಇರುತ್ತಲ್ಲ ಅಮ್ಮ, ನಾನು ಬೇರೆ ಥರ ಯೋಚಿಸಿರಲೇ ಇಲ್ಲ.

ಚಿಕ್ಕಪ್ಪ ತಲೆ ಚಚ್ಚಿಕೊಂಡರು. 'ಏನೇ ಇಂಜಿನಿಯರಮ್ಮ, ಫ್ರಾಂಕ್‌ಫರ್ಟ್ ಅಂದ್ರೆ ಮದ್ದೂರು ಅಂದ್ಕಂಡಿದ್ದೇನೆ? ಇಳ್ದು ಒಂದ್ ವಡೆ ತಿಂದು ಹತ್ತಕ್ಕೆ?'

ಬೇರೆ ದಿನವಾಗಿದ್ದರೆ ಅತ್ತುಬಿಡುತ್ತಿದ್ದೆ. ಆವತ್ತು ಅಳು ಬರಲಿಲ್ಲ. ಇಡೀ ದಿನ ನಾನು ನಿನ್ನನ್ನು ಆಫ್ರಿಕಾದ ಕಾಡಿನ ಮೇಲೆ ಇಟ್ಟು ಕಾಯುತ್ತಿದ್ದೆ, ನೀನು ಮರಳುಗಾಡು, ಮಂಜಿನ ಬೆಟ್ಟ ದಾಟಿ ಎಲ್ಲೋ ಒಂದು ಗಾಜಿನ ಗೋಡೆಯ ಹಾಲ್‌ನಲ್ಲಿ ಹಸಿರು ಸೀರೆ ಉಟ್ಟು, ಸ್ವೆಟರಿನ ಗುಂಡಿ ಹಾಕಿಕೊಂಡು ಕೂತಿದ್ದೆ. ನಾನು ಕಣ್ಣಿಟ್ಟ ಜಾಗದಲ್ಲಿ ನೀನು ಇರಲೇ ಇಲ್ಲ. ಭೂಮಿ ಎಷ್ಟು ದೊಡ್ಡದು ಅಂತ ನನಗೆ ಹದಿನಾಲ್ಕು ಸಾವಿರ ಅನ್ನುವ ನಂಬರಿನಿಂದ ಗೊತ್ತಾಗಿರಲಿಲ್ಲ, ನೀನು ಎಲ್ಲಿದ್ದೀಯ ಅಂತ ತಪ್ಪಾಗಿ ತಿಳಿದಿದ್ದೆನಲ್ಲ, ಅದರಿಂದ ಗೊತ್ತಾಯಿತು.

ಅಜ್ಜಿ ಒಂದೇ ಮಾತು ಕೇಳಿದರು. 'ಅಲ್ಲಿ ಅವ್ಳಿಗೆ ಕುಡಿಯಕ್ಕೆ ಬಿಸಿನೀರು ಕೊಡ್ತಾರಾ?' ಪೊರಕೆ ಅಟ್ಟದಲ್ಲೇ ಉಳಿಯಿತು.

ಗುರುವಾರ ಬೆಳಿಗ್ಗೆ ಮನೆ ಬಾಗಿಲು ತೆಗೆದರೆ ಒಳಗಿಂದ ಹಬೆ ಹೊಡೆಯಿತು. ರಾಶಿ ಹಾಕಿದ ಹಿಕ್ಕೆಯೊಳಗೆ ಕೈಯಿಟ್ಟರೆ ಬಾಣಲೆ ಮುಟ್ಟಿದ ಹಾಗೆ. ಗೋಡೆಯೆಲ್ಲ ಬೆವರಿತ್ತು. ಕಿಟಕಿ ಕಡೆಯ ಎರಡು ತಟ್ಟೆಯಲ್ಲಿ ಹುಳ ಸೊಪ್ಪಿನ ಮೇಲೆ ಬರದೆ ಮೆತ್ತಗೆ ಮಲಗಿದ್ದವು, ಮುಟ್ಟಿದರೆ ಅಲುಗಾಟವಿಲ್ಲ. ಚಿಕ್ಕಪ್ಪ ಅದನ್ನು ನೋಡಿ ಕೂಗಾಡಲಿಲ್ಲ, ಅದಕ್ಕೇ ನನಗೆ ಭಯವಾಯಿತು. ಅವರೂ ಪಾಪ, ಶಿಫ್ಟ್ ಮುಗಿಸಿ ಬಂದು ಹೊರೆ ಹೊರೆ ಸೊಪ್ಪು ಹೊತ್ತವರು. ನನ್ನನ್ನು ಹಿತ್ತಿಲಿಗೆ ಕರೆದರು.

'ಒಂದ್ ಮಾತು ಕಣೆ. ತಲುಪುದ್ಲು ಅನ್ಬುಡು. ನಿಮ್ಮವ್ವನೇ ಇಲ್ಲಿ ಇದ್ದಿದ್ರೆ ಉಳ ಸಾಯಕ್ಕೆ ಬುಡ್ತಿದ್ಲಾ? ಸಂಜೀಗೆ ಎಂಗೂ ನಿಜ ಆಯ್ತದೆ. ಒಸಿ ಮುಂಚೆ ಹೇಳುದ್ರೆ ಆಕಾಶ ಏನ್ ಬಿದ್ದೋಯ್ತದಾ?'

ಅವರು ಹೇಳಿದ್ದರಲ್ಲಿ ಒಂದು ಅಕ್ಷರ ತಪ್ಪಿರಲಿಲ್ಲ. ನಾನು ಒಳಗೆ ಹೋದೆ. ಅಜ್ಜಿ ತಟ್ಟೆಯ ಮುಂದೆ ಕೂತು ಸತ್ತ ಹುಳಗಳನ್ನು ಒಂದೊಂದಾಗಿ ಆರಿಸುತ್ತಿದ್ದರು. ಅವರಿಗೂ ಕಾಣುತ್ತಿತ್ತು ಅಮ್ಮ, ಅವರೇನು ಕುರುಡಿಯಲ್ಲ. ತಲೆ ಎತ್ತದೆ, 'ಹೇಳವ್ವ' ಅಂದರು.

ಬಾಯಿ ತೆರೆದೆ. 'ತ' ಅನ್ನುವವರೆಗೂ ಬಂತು.

'ಇನ್ನೂ ಇಲ್ಲ ಅಜ್ಜಿ' ಅಂದೆ. 'ಅಮ್ಮ ಈಗ ಸಮುದ್ರದ ಮೇಲವ್ಳೆ.'

ಯಾಕೆ ಹಾಗಂದೆನೋ. ವಿಮಾನ ಹೇಗೆ ಹಾರುತ್ತೆ ಅಂತ ನಾನು ಓದಿದ್ದೇನೆ, ರೆಕ್ಕೆಯ ಮೇಲೆ ಕೆಳಗೆ ಗಾಳಿಯ ಒತ್ತಡ ಹೇಗಿರುತ್ತೆ ಅಂತ ಚಿತ್ರ ಬರೆದು ಬಾಣದ ಗುರುತು ಹಾಕಿ ಮಾರ್ಕ್ಸ್ ತಗೊಂಡಿದ್ದೇನೆ. ಆದರೆ ಆ ಹೊತ್ತಿನಲ್ಲಿ, ಆ ಹಬೆಯ ಮನೆಯಲ್ಲಿ ನಿಂತು ನನಗೆ ಅನ್ನಿಸಿದ್ದು ಬೇರೆ. ಈ ಮನೆಯ ಕಸ ಈ ಮನೆಯೊಳಗೆ ಇರುವ ತನಕ ನೀನು ಮೇಲೆ ಇರುತ್ತೀಯ, ಬೀಳುವುದಿಲ್ಲ. ಹದಿನೇಳು ಸಾವಿರ ಕಿಲೋಮೀಟರಿನ ಆ ತುದಿಯನ್ನು ಗಾಳಿ ಹಿಡಿದಿದ್ದರೆ ಈ ತುದಿಯನ್ನು ಅಜ್ಜಿ ಹಿಡಿದಿದ್ದಾರೆ. ಅವರ ಕೈಯನ್ನು ಸುಳ್ಳು ಹೇಳಿ ಬಿಡಿಸಲು ನನ್ನಿಂದ ಆಗಲಿಲ್ಲ.

ಚಿಕ್ಕಪ್ಪ ಬಾಗಿಲಲ್ಲೇ ನಿಂತು ಕೇಳಿಸಿಕೊಂಡಿದ್ದರು. ದಡಬಡ ಏಣಿ ಹತ್ತಿ ಪೊರಕೆ ಎಳೆದರು. ಅಜ್ಜಿ ಏಳುವ ಮುಂಚೆ ನಾನು ಹೋಗಿ ಹೊಸಿಲ ಮೇಲೆ ನಿಂತುಬಿಟ್ಟೆ, ಎರಡೂ ಕೈ ಬಾಗಿಲ ಚೌಕಟ್ಟಿಗೆ ಕೊಟ್ಟು.

'ದಾಟಿಸ್ಬ್ಯಾಡ ಚಿಕ್ಕಪ್ಪ.'

'ನೀನೂನಾ?' ಅಂದರು. ಕೋಪಕ್ಕಿಂತ ಆಶ್ಚರ್ಯವೇ ಜಾಸ್ತಿ ಇತ್ತು. 'ಅವ್ವ ಬುಡು, ಹಳೇ ಕಾಲದೋಳು. ನೀನು ಹಾಸ್ಟ್ಲಲ್ಲಿ ಬೆಳ್ದೋಳು ಕಣೆ! ಮನೇಲಿ ಇದ್ದಿದ್ದೇ ರಜದಲ್ಲಿ. ನಿಂಗ್ಯಾವಾಗ ಅಂಟ್ಕಂಡ್ತೆ ಇದು?'

ನನ್ನ ಹತ್ತಿರ ಉತ್ತರ ಇತ್ತು. ಹೇಳಲಿಲ್ಲ.

ನಾವಿಬ್ಬರೂ ಹಾಗೇ ನಿಂತಿದ್ದೆವು. ಹಿಂದುಗಡೆ ಹುಳ ಸೊಪ್ಪು ಕಡಿಯುವ ಸದ್ದು. ಕೊನೆಗೆ ಚಿಕ್ಕಪ್ಪ ಪೊರಕೆಯನ್ನು ಮೂಲೆಗೆ ಎಸೆದರು. 'ಮೂರ್ ತಲೆಮಾರು ಹೆಂಗಸ್ರು, ಒಂದೇ ತಲೆ' ಅಂತ ಗೊಣಗಿಕೊಂಡು ನನ್ನ ತೋಳಿನ ಕೆಳಗೆ ಬಗ್ಗಿ ಆಚೆ ಹೋದರು. ಹೋದರು ಅಂತ ನಾನು ಅಂದುಕೊಂಡೆ. ಅರ್ಧ ಗಂಟೆಗೆ ಹುಳ ಸಾಕುವ ಮುನಿಯಪ್ಪನವರ ಮನೆಯಿಂದ ಖಾಲಿ ತಟ್ಟೆಗಳನ್ನು ತಲೆ ಮೇಲೆ ಹೊತ್ತು ಬಂದರು. 'ಉಳ ಕಸ ಅಲ್ಲ ತಾನೆ? ಉಳ ಹೊಸ್ಲು ದಾಟ್ಬೋದು ತಾನೆ?' ಅಂತ ಅಜ್ಜಿಯನ್ನು ಕೇಳಿದರು. ಅಜ್ಜಿ ಯೋಚಿಸಿ, 'ದಾಟ್ಬೋದು' ಅಂದರು. ಮೂವರೂ ಸೇರಿ ಹುಳವನ್ನೆಲ್ಲ ಹೊಸ ತಟ್ಟೆಗೆ ಆರಿಸಿ ಜಗಲಿಗೆ ಸಾಗಿಸಿದೆವು, ಸುತ್ತ ನಿನ್ನ ಹಳೇ ಸೀರೆಗಳನ್ನು ಪರದೆ ಕಟ್ಟಿದೆವು. ಕಸ ಮನೆಯೊಳಗೆ, ನಾವೂ ಹುಳವೂ ಆಚೆ! ಮಾರಮ್ಮ ಈ ಸಲ ತಾವೇ ಬಂದು ಪರದೆಯ ಇನ್ನೊಂದು ತುದಿ ಹಿಡಿದುಕೊಂಡರು.

ಮಧ್ಯಾಹ್ನ ಇಳಿಯುವ ಹೊತ್ತಿಗೆ ಕೆರೆ ಏರಿಯ ಮೇಲೆ ಒಂದು ಸ್ಕೂಟರ್. ಶುಕೂರ್ ಮಾಮ ಅಂಗಡಿ ಮುಚ್ಚಿ ರಾಮನಗರದಿಂದ ಬಂದಿದ್ದರು. ಇನ್ನೂ ಗಾಡಿ ನಿಲ್ಲಿಸಿರಲಿಲ್ಲ, ಅಲ್ಲಿಂದಲೇ ಕೂಗಿದರು:

'ಅಮ್ಮಾ, ಪೊರಕೆ ಇಳಿಸಿ! ಇಬ್ಬರೂ ತಲುಪಿದ್ರು!'

ಅಜ್ಜಿ ಅಲ್ಲೇ ಜಗಲಿಯ ಕಂಬ ಹಿಡಿದುಕೊಂಡು ಕೂತರು. ಶುಕೂರ್ ಮಾಮ ನೀರು ಕುಡಿದು ಎಲ್ಲ ಹೇಳಿದರು. ಜೈನಬ್ ಆಂಟಿ ಕಿಟಕಿ ಕಡೆ ತಿರುಗಲೇ ಇಲ್ಲವಂತೆ, ನೀನು ಮಾತ್ರ ಕಣ್ಣು ಮುಚ್ಚದೆ ನೋಡುತ್ತಿದ್ದೆಯಂತೆ. ಅಲ್ಲಿ ಈಗ ಬೆಳಗಿನ ಹೊತ್ತು, ಇನ್ನೂ ತಿಂಡಿ ಆಗಿಲ್ಲ ಅಂತ ಹೇಳಿದೆಯಂತೆ.

'ಬೆಳಗಾ?' ಅಂದರು ಅಜ್ಜಿ. ನಮ್ಮ ಜಗಲಿಯಲ್ಲಿ ಬಿಸಿಲು ಪಡುವಣಕ್ಕೆ ಓರೆಯಾಗಿತ್ತು. ಅವರು ಆ ಬಿಸಿಲನ್ನು ನೋಡಿದರು, ಆಮೇಲೆ ತಮ್ಮ ಕೈಯನ್ನು. 'ನಮ್ಗೆ ಮುಗೀತಾ ಬಂದಿರೋ ದಿನ ಅವ್ಳಿಗೆ ಈಗ ಸುರುವಾಯ್ತಾ ಐತೆ' ಅಂದರು.

ಆಮೇಲೆ ನಾವು ಗುಡಿಸಿದೆವು ಅಮ್ಮ. ಅಂಥ ಗುಡಿಸುವಿಕೆಯನ್ನು ನಾನು ಹುಟ್ಟಿದ ಮೇಲೆ ನೋಡಿಲ್ಲ. ಚಿಕ್ಕಪ್ಪ ಮಂಕರಿ ಹೊತ್ತರು, ಶುಕೂರ್ ಮಾಮ ಪ್ಯಾಂಟು ಮಡಚಿ ಗೋಣಿಚೀಲ ಎಳೆದರು, ಮಾರಮ್ಮ ಸಗಣಿ ನೀರು ಹಾಕಿ ಸಾರಿಸಿದರು. ಆ ಎರಡು ತಟ್ಟೆ ಹುಳ ಹೋಯಿತು. ಉಳಿದದ್ದು ಶಿವರಾತ್ರಿ ಕಳೆದ ನಾಲ್ಕಾರು ದಿನಕ್ಕೆ ಹಣ್ಣಾಗಿ, ಗೂಡು ಕಟ್ಟಲು ಚಂದ್ರಿಕೆ ಏರಿತು. ನಾನು ಹಾಸ್ಟೆಲಿಗೆ ಹೊರಡುವಾಗ ಮಂಕರಿ ತುಂಬ ಹಳದಿ ಗೂಡು. ಒಂದನ್ನು ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸಿದೆ, ಒಳಗಡೆ ಟಕ್ ಅಂತು. ಆದ್ದರಿಂದ 'ಚೆನ್ನಾಗವೆ' ಅಂದದ್ದು ಸುಳ್ಳಲ್ಲ.

ಅಜ್ಜಿಗೆ ಈಗ ಒಂದೇ ಸಂಶಯ: ಅಲ್ಲಿಯ ಹುಳಕ್ಕೂ ನಾಲ್ಕೇ ಜ್ವರವಾ, ಅಥವಾ ಅಷ್ಟು ದೂರಕ್ಕೆ ಬೇರೆ ಲೆಕ್ಕವಾ? ತಪ್ಪದೆ ಬರೆ. ಚಿಕ್ಕಮ್ಮನಿಗೆ ಗಂಡು ಮಗು, ಮಾಗಡಿಯಿಂದ ಫೋನ್ ಬಂತು. ನಿನಗೆ ಅಜ್ಜಿಯ ಆಶೀರ್ವಾದ, ಅವರು ಹೇಳಿದ ಹಾಗೇ ಬರೆಯುತ್ತಿದ್ದೇನೆ: 'ಹೊಟ್ಟೆ ತುಂಬ ಉಣ್ಲಿ, ಎದೆ ತುಂಬ ಉಸ್ರಾಡ್ಲಿ, ಯಾವ್ ನೆಲದ ಮೇಲಿದ್ರೂ ಕಾಲು ತಣ್ಣಗಿರ್ಲಿ.' ನನ್ನ ತಲೆಯ ಮೇಲೂ ಅಲ್ಲಿಂದಲೇ ಕೈಯಿಡು, ಇಂಟರ್ನಲ್ಸ್ ಹತ್ತಿರ ಬಂತು.

ನಿನ್ನ ಮಗಳು,
ಪ್ರತಿಮಾ

ಪಿ.ಎಸ್.: ಹಾಸ್ಟೆಲಿನಲ್ಲಿ ಎಲ್ಲರೂ ಕಾಗದ ಮುಗಿದ ಮೇಲೆ ಹೀಗೆ ಹಾಕಿ ಇನ್ನೊಂದು ಮಾತು ಬರೆಯುತ್ತಾರೆ. ಎರಡು ಸಲ ಹರಿದು ಹಾಕಿದ್ದು ಈ ಮಾತು ಬರೆಯಲಾಗದೆ.

ಅಪ್ಪ ಹೋದ ಮರುವರ್ಷ ನನ್ನನ್ನು ಆರನೇ ಕ್ಲಾಸಿಗೆ ಕನಕಪುರದ ಕಡೆ ಹಾಸ್ಟೆಲಿಗೆ ಹಾಕಿದಿರಿ. ಚಿಕ್ಕಪ್ಪನ ಜೊತೆ ಹೊರಟವಳು ಬಸ್‌ಸ್ಟಾಪಿನಲ್ಲಿ ತಟ್ಟೆ ಲೋಟ ಮರೆತದ್ದು ನೆನಪಾಗಿ ಒಬ್ಬಳೇ ವಾಪಸು ಓಡಿ ಬಂದೆ. ನೀನು ಬಾಗಿಲ ಕಡೆ ಬೆನ್ನು ಮಾಡಿ ಮನೆ ಗುಡಿಸುತ್ತಿದ್ದೆ. ನಾನು ಹತ್ತಬೇಕಾದ ಬಸ್ಸು ಇನ್ನೂ ಬಂದೇ ಇರಲಿಲ್ಲ ಅಮ್ಮ. ಕೂಗಲಿಲ್ಲ. ತಟ್ಟೆಯೂ ತಗೊಳ್ಳಲಿಲ್ಲ. ಹಾಸ್ಟೆಲಿನಲ್ಲಿ ಮೊದಲ ವಾರ ಬೇರೆಯವರ ತಟ್ಟೆಯಲ್ಲಿ ಉಂಡೆ. ಆಮೇಲೆ ಪ್ರತಿ ರಜಕ್ಕೂ ನಮ್ಮ ಹೊಸಿಲು ದಾಟುವಾಗ, ಇಲ್ಲಿಂದ ನನ್ನನ್ನು ಗುಡಿಸಿ ಹಾಕಿದ್ದಾರೆ ಅನ್ನಿಸುತ್ತಿತ್ತು.

ಆ ಗುರುವಾರ ಕಸ ಎಳೆಯುವಾಗ ಅಜ್ಜಿಯನ್ನು ಕೇಳಿಬಿಟ್ಟೆ. ಅಜ್ಜಿ ಪೊರಕೆ ಕೆಳಗಿಟ್ಟು ಹೇಳಿದರು: 'ಬ್ಯಾಡ ಕಣೆ ಅಂತ ಕೈ ಹಿಡ್ಕಂಡೆ. ಬುಡಿಸ್ಕಂಡು ಗುಡುಸುದ್ಲು. ಇವ್ಳು ಮತ್ತೆ ಈ ಮನೇಗೆ ಬದ್ಕಕ್ಕೆ ಬರ್ಬಾರ್ದು ಅತ್ತೆ, ಈ ಹಿಕ್ಕೆ ಬಳ್ಕಂಡು ನನ್ನಂಗೆ ಆಗ್ಬಾರ್ದು, ಬೇಕೂಂತ್ಲೇ ಗುಡುಸ್ತಿವ್ನಿ ಅಂದ್ಲು. ಗುಡ್ಸಿ ಮುಗ್ಸಿ ಅದೇ ಪೊರ್ಕೆ ಹಿಡ್ಕಂಡು ಸಂಜೆಗಂಟ ಅತ್ಲು.'

ಈಗ ಅರ್ಥವಾಗುತ್ತೆ ಅಮ್ಮ. ಆದರೂ ಮರೆತ ತಟ್ಟೆಗೆ ಬಂದ ಆ ಹುಡುಗಿ ಇನ್ನೂ ಬಾಗಿಲಲ್ಲೇ ನಿಂತಿದ್ದಾಳೆ. ನೀನು ಬಂದು, ಅವಳ ಕಡೆ ಒಂದು ಸಲ ತಿರುಗಿ ನೋಡು. ನಾನು ನಿನ್ನ ಹಿಂದೆ ಗುಡಿಸಲಿಲ್ಲ. ನೀನು ವಾಪಸು ಬರಬೇಕು.